ಹಂಚು ಹಿಡಿಯೋ ಬಾಳವ್ವ ಬಾಗಿಲಿಗೆ ನಿಂತದ್ದು

ಕುಂತ್ರೇನವಾ ಎಲ್ಲಾರೂ? ಹಿಂದಿನವ್ರಿಗೆ ಕೇಳಸ್ತೈತಿಲ್ಲೋ? ಹಂಗಾರ ಕೇಳ್ರಿ.

ಯಾವ ದೇಶ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ಯಾವ ಕಾಲ ಅಂತ ಕೇಳಬ್ಯಾಡ್ರಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಒಂದು ಹೊಳಿ ಇತ್ತು. ಹೊಳಿಗೆ ಎರಡು ದಂಡಿ ಇದ್ವು. ದಂಡಿಗೊಂದೊಂದು ಊರಿತ್ತು. ಅಷ್ಟು ಮಾತ್ರ ಖರೆ. ಈ ದಂಡಿ ಊರು ಈಚಿಯೂರು, ಆ ದಂಡಿ ಊರು ಆಚಿಯೂರು.

ಬ್ಯಾಸಿಗಿ ಬಂತಂದ್ರ ಹೊಳಿ ಸೊರಗಿ ನಟ್ಟನಡುವ ಉಸುಕು ಬೀಳ್ತಿತ್ತು. ಮ್ಯಾಲಿನ ಕಡೆ ಉಸುಕು ಹಿಟ್ಟಿನಂಥದ್ದು. ಗೇಣು ತೋಡಿದ್ರ ಸಾಕು, ನೀರು. ಅಲ್ಲಿ ಕುಣಿ ತೋಡಿ ಬೀಜ ಒಗದ್ರ ಕಲ್ಲಂಗಡಿ ಏನು, ಕರಬೂಜ ಏನು, ಸೌತಿಕಾಯಿ ಏನು! ಕೆಳಗಿನ ಕಡೆ ಬರೇ ಗರಸು. ಅಲ್ಲಿ ಹಾಕಿದ ಬಳ್ಳಿ ನಾಕು ಎಲಿ ಬಿಟ್ಟು ಐದನೇದಕ್ಕ ಒಣಗ್ತಿತ್ತು.

ಈಗ ಹೇಳ್ರಿ, ಮ್ಯಾಲಿನ ಉಸುಕು ಯಾರಿಗೆ? ಕೆಳಗಿನ ಗರಸು ಯಾರಿಗೆ? ಬಡಿದಾಡಿ ತಲಿ ಒಡಕೊಳ್ಳೋದು ಬ್ಯಾಡಂತ ಹಿರೇರು ಒಂದು ಆಟ ಇಟ್ಟಿದ್ರು. ಡೊಂಕುಗೋಲಿನ ಆಟ. ಜಾಲಿ ಟೊಂಗಿ ತುದಿ ಬಗ್ಗಿಸಿದ ಕೋಲು, ಬಿದಿರಿನ ಬೇರಿನ ಚೆಂಡು, ಆ ತುದಿಗೊಂದು ಬಾಗಿಲು, ಈ ತುದಿಗೊಂದು ಬಾಗಿಲು. ಬಾಗಿಲಂದ್ರ ಕದ ಇಲ್ರಿ ಮತ್ತ, ಎರಡು ಗೂಟ ಅಷ್ಟ. ಈಗ ಪಟ್ಟಣದ ಮಂದಿ ಇದಕ್ಕ ಹಾಕಿ ಅಂತಾರ, ಬಾಗಿಲಿಗೆ ಗೋಲು ಅಂತಾರ. ಏನರ ಅನ್ನಲಿ, ಆಟ ಅದ.

ಆಡೋರು ಯಾರು? ಹೆಣ್ಮಕ್ಕಳು. ಯಾಕ? ಉಸುಕಿನಾಗ ಕುಣಿ ತೋಡೋರು ಹೆಣ್ಮಕ್ಕಳು, ಬೀಜ ಹಾಕೋರು ಹೆಣ್ಮಕ್ಕಳು, ಕೊಡದಿಂದ ನೀರು ಹನಿಸೋರು ಹೆಣ್ಮಕ್ಕಳು. ಮಡಿ ಅವರದು ಅಂದಮ್ಯಾಲೆ ಆಟನೂ ಅವರದ. ಗಂಡಸ್ರು ದಂಡಿಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಂಡು, ಹಿಂಗ ಹೊಡೀಬೇಕಿತ್ತು, ಹಂಗ ಹೊಡೀಬೇಕಿತ್ತು ಅಂತ ಹೇಳೋರು. ಅದೊಂದು ಕೆಲಸ ಅವರಿಗೆ.

ವರ್ಷಕ್ಕ ಮೂರು ಆಟ, ಮೂರು ಸೋಮವಾರ. ಎರಡು ಗೆದ್ದೋರಿಗೆ ಮ್ಯಾಲಿನ ಉಸುಕು. ಇನ್ನೊಂದು ಕರಾರಿತ್ತು. ಒಂದ ಊರು ಸಾಲಾಗಿ ಹತ್ತು ವರ್ಷ ಸೋತ್ರ ಆಟ ಮುಗೀತು, ಉಸುಕು ಗೆದ್ದೋರಿಗೆ ಕಾಯಂ.

ಈಚಿಯೂರು ಎಷ್ಟು ವರ್ಷ ಸೋತಿತ್ತು ಗೊತ್ತೇನು? ಒಂಬತ್ತು.

ಆಡಾಕ ಬರ್ತಿರಲಿಲ್ಲೇನು? ಬರ್ತಿತ್ತು. ಅವರ ನಾಯಕಿ ಕಲ್ಲವ್ವ ಓಡಿದ್ರ ಉಸುಕಿನ ಮ್ಯಾಲೆ ಹೆಜ್ಜಿ ಮೂಡ್ತಿರಲಿಲ್ಲ. ಹಿಂದ ನಿಂತು ಅಡ್ಡಹಾಕೋ ನೀಲವ್ವ ಆಕಿ ನೆಗೆಣ್ಣಿ, ಗೋಡಿಯಂಥ ಹೆಣ್ಮಗಳು. ಹಂಗಾರ ಯಾಕ ಸೋಲ್ತಿದ್ರು? ಒಂದು ಚೆಂಡು ಒಳಗ ಹೋತಂದ್ರ ಕಲ್ಲವ್ವ ನೀಲವ್ವಗ ಬೈತಿದ್ಲು. ನೀಲವ್ವ ಪಕ್ಕದಾಕಿಗೆ ಬೈತಿದ್ಲು. ಕಡೀಗೆ ಹತ್ತೂ ಮಂದಿ ಸೇರಿ ಬಾಗಿಲು ಕಾಯೋ ಪಾಪದಾಕಿಗೆ ಬೈತಿದ್ರು. ಬೈಯೂದು ಮುಗಿಯೂದರೊಳಗ ಎರಡನೇ ಚೆಂಡು ಒಳಗ ಬಂದಿರ್ತಿತ್ತು.

ಮೂರು ವರ್ಷದಾಗ ಮೂರು ಮಂದಿ ಬಾಗಿಲು ಬಿಟ್ಟು ಹೋದ್ರು. ಒಬ್ಬಾಕಿ ತವರಿಗೆ ಹೋದಾಕಿ ಬರಲೇ ಇಲ್ಲ. ಒಬ್ಬಾಕಿ ಮೊಣಕಾಲು ನೋವಂದ್ಲು. ಮರುದಿನ ಜಾತ್ರಿಗೆ ಮೂರು ಹರದಾರಿ ನಡಕೊಂಡು ಹೋದ್ಲು. ಮೂರನೇದಾಕಿ ಪಾಪ ಖರೇ ಹೇಳಿದ್ಲು: "ಚೆಂಡಿನ ಹೆದರಿಕಿ ಇಲ್ಲವಾ ನನಗ. ನಿಮ್ಮ ಹೆದರಿಕಿ."

ಹತ್ತನೇ ವರ್ಷ ಬಂತು. ಸೋಮವಾರಕ್ಕ ಎಂಟು ದಿನ ಉಳದೈತಿ. ಬಾಗಿಲಿಗೆ ಆಳಿಲ್ಲ.

ಅದ ಹೊತ್ತಿಗೆ ಊರ ಚಾವಡಿಗೆ ಹಂಚು ಹೊದಸಾಕ ಒಂದು ಮೇಳ ಬಂದಿತ್ತು. ಊರಿಂದ ಊರಿಗೆ ಅಡ್ಡಾಡೋ ಮಂದಿ. ಇವತ್ತು ಈ ಮಾಡು, ನಾಳೆ ಆ ಮಾಡು. ಕಲ್ಲವ್ವ ಕೊಡ ಹೊತ್ತು ಚಾವಡಿ ಮುಂದ ಬಂದಾಕಿ ಗಕ್ಕನ ನಿಂತ್ಲು. ಏನು ಕಂಡ್ಲು? ಕೆಳಗ ಇಬ್ರು ಗಂಡಸ್ರು ನಿಂತು ಹಂಚು ತೂರ್ತಾರ. ಒಬ್ಬ ಎಡಕ್ಕ ತೂರ್ತಾನ, ಒಬ್ಬ ಬಲಕ್ಕ ತೂರ್ತಾನ. ಮಾಡಿನ ಅಂಚಿನಾಗ ಒಬ್ಬ ನಲವತ್ತು ವರ್ಷದ ಹೆಣ್ಮಗಳು ಸೀರಿ ಕಚ್ಚಿ ಹಾಕಿ ನಿಂತಾಳ. ಎಡಗೈಯಾಗೊಂದು ಹಿಡದ್ಲು, ಇಟ್ಳು. ಬಲಗೈಯಾಗೊಂದು ಹಿಡದ್ಲು, ಇಟ್ಳು. ಒಂದು ಹಂಚು ಸೊಟ್ಟ ಬಂತು, ಮೊಣಕೈಲೆ ತಡದು ತೊಡಿಮ್ಯಾಲೆ ಇಳಿಸ್ಕೊಂಡ್ಲು. ಸಪ್ಪಳಿಲ್ಲ, ಗದ್ದಲಿಲ್ಲ.

ಕಲ್ಲವ್ವನ ಕೊಡ ಸೋರಿ ಬೆನ್ನೆಲ್ಲಾ ತೊಯ್ದ್ರೂ ಆಕಿಗೆ ಖಬರಿಲ್ಲ.

"ಏನವಾ ನಿನ್ನ ಹೆಸರು?"

"ಬಾಳವ್ವ."

"ಹಂಚಿನ ಕಡೆ ನೀ ನೋಡವಲ್ಲಿ. ಹ್ಯಾಂಗ ಹಿಡೀತಿ?"

"ಹಂಚು ನೋಡಿದ್ರ ಹೊತ್ತು ಮೀರ್ತೈತವಾ. ತೂರೋನ ಹೆಗಲು ನೋಡ್ತೀನಿ. ಹೆಗಲು ಮೊದಲ ಹೇಳ್ತೈತಿ, ಆಮ್ಯಾಲೆ ಕೈ ಬಿಡ್ತೈತಿ."

"ಎಷ್ಟು ಒಡದಿ ಈತನಕ?"

"ಇಪ್ಪತ್ತು ವರ್ಷದಾಗ ಮೂರು," ಅಂದ್ಳು ಬಾಳವ್ವ. "ಮೂರೂ ಯಾವ ಊರಾಗ, ಯಾವ ಮನಿಯಾಗ ಅಂತ ನೆನಪೈತಿ."

ಕಲ್ಲವ್ವ ಕೊಡ ಇಳಿಸಿ, ಅಲ್ಲೇ ಕಟ್ಟಿಮ್ಯಾಲೆ ಕುಂತು, ಹೊಳಿ, ಉಸುಕು, ಒಂಬತ್ತು ವರ್ಷ, ಎಲ್ಲಾ ಹೇಳಿದ್ಲು. ಬಾಳವ್ವ ಕೆಲಸ ನಿಲ್ಲಿಸದ ಕೇಳಿದ್ಲು. ಕೇಳಿ ಅಂದ್ಳು: "ನಿಲ್ತೀನಿ. ಮೂರು ಮಾತು ನಡಿಸಿಕೊಡ್ರಿ."

ಯಾವ ಮೂರು? ಕೇಳ್ರಿ.

"ಒಂದು. ಬಾಗಿಲಾಗ ನಿಂತಾಕಿಗೆ ಇಡೀ ಬಯಲು ಕಾಣ್ತೈತಿ. ನಾ ಹಿಂದಿಂದ ಕೂಗ್ತೀನಿ. ಹೆಸರು ಹಿಡದು, ಏಕವಚನದಾಗ ಕೂಗ್ತೀನಿ, ಗೌಡ್ತಿ ಇರಲಿ, ಗೌಡ್ತಿ ಅತ್ತಿ ಇರಲಿ. ಯಾರೂ ಸಿಟ್ಟಾಗಬಾರದು.

"ಎರಡು. ಚೆಂಡು ಒಳಗ ಹೋದ್ರ ಯಾರೂ ಒಬ್ಬರ ಮಾರಿ ಒಬ್ಬರು ನೋಡಬಾರದು. ಒಳಗ ಹೋಗಿದ್ದು ನಂದು. ನಾ ಚೆಂಡು ಎತ್ತಿ ಕೊಡೂತನಕ ಬಾಯಿ ಬಿಚ್ಚಬಾರದು.

"ಮೂರು." ಇಲ್ಲಿ ಆಕಿ ದನಿ ಸ್ವಲ್ಪ ಸಣ್ಣಾತು. "ನಮಗ ಊರೂರಾಗ ನಿಂತಲ್ಲೇ ರೊಟ್ಟಿ ಕೊಡ್ತಾರ, ಬಾಗಿಲ ಹೊರಗ. ಆಟ ಮುಗಿಯೂತನಕ ನಿಮ್ಮ ಹತ್ತು ಮಂದಿ ಜೋಡಿ ಪಂಕ್ತಿಯಾಗ ಕುಂತು ಉಣ್ಣಬೇಕು ನಾನು."

ಕಲ್ಲವ್ವ ಏನಂತಾಳ? ಮೊದಲ ಎರಡಕ್ಕ ಹೂಂ ಅಂದ್ಳು. ಮೂರನೇದು ಕೇಳಿ, ಕೊಡದಾಗಿನ ಉಳದ ನೀರು ಬೊಗಸಿಗೆ ಸುರುವಿ ಬಾಳವ್ವನ ಕೈ ತೊಳಸಿದ್ಲು, ಮನಿಗೆ ಕರಕೊಂಡು ಹೋಗಿ ನಡುಮನಿಯಾಗ ಮಣಿ ಹಾಕಿ ಕುಂಡ್ರಿಸಿದ್ಲು.

ಮೊದಲ ಸೋಮವಾರ ಬಂತು.

ಬಾಳವ್ವ ಕಾಲಿಗೆ ಗೋಣಿತಟ್ಟು ಸುತ್ತಿ, ಒಳಗ ಹತ್ತಿ ತುಂಬಿ, ಹಗ್ಗ ಬಿಗದು ಬಾಗಿಲಾಗ ನಿಂತ್ಲು. ಆಚಿಯೂರ ಕಡೆ ಚಂಪವ್ವ ಅನ್ನಾಕಿ ಇದ್ಲು. ಎಡಗೈ ಹೊಡತ, ಚೆಂಡು ಹೊಡದ್ರ ಗಾಳಿ ಸೀಳೋ ಸಪ್ಪಳ ಮೊದಲ ಕೇಳ್ತಿತ್ತು, ಚೆಂಡು ಆಮ್ಯಾಲೆ ಕಾಣ್ತಿತ್ತು. ನ್ಯಾಯ ಹೇಳಾಕ ಸೂಲಗಿತ್ತಿ ಪಾರಜ್ಜಿ. ಆಕಿ ಮಾತಿಗೆ ಯಾರೂ ಎದುರು ಆಡ್ತಿರಲಿಲ್ಲ. ಯಾಕ? ಎರಡೂ ಊರಿನ ಅರ್ಧ ಮಂದೀನ ಭೂಮಿಗೆ ಇಳಿಸಿದಾಕಿ ಆಕೀನ.

ಆಟ ಸುರುವಾತು. ಹೊಳಿಗೆ ಹೊಸಬಳು, ಉಸುಕು ಹೊಸದು. ಚಂಪವ್ವನ ಹೆಗಲು ನೋಡಿದ್ಲು ಬಾಳವ್ವ, ಖರೆ. ಆದ್ರ ಎಡಗೈಯಾಕಿ ಹೆಗಲು ಉಲ್ಟಾ ಹೇಳ್ತೈತಿ ಅಂತ ತಿಳಿಯೂದರೊಳಗ ಚೆಂಡು ಒಳಗ.

ಕಲ್ಲವ್ವ ನಡುಬಯಲಿಂದ ಬಾಯಿ ತಗದು ಓಡಿಬಂದ್ಲು. ನೀಲವ್ವ ಬಾಯಿ ತಗದು ತಿರುಗಿದ್ಲು.

"ಅದು ನಂದು," ಅಂದ್ಳು ಬಾಳವ್ವ. ಚೆಂಡು ಎತ್ತಿ ಕೊಟ್ಳು. "ಮುಂದಿಂದು ನೋಡ್ರಿ."

ಎರಡೂ ಬಾಯಿ ಮುಚ್ಚಿದ್ವು.

ಎರಡನೇದು ನೀಲವ್ವನ ಎರಡು ಕಾಲ ನಡುವನ ತೂರಿ ಹೋತು. ದಂಡಿಮ್ಯಾಲಿನ ಕೂಸಿಗೂ ಕಾಣ್ತು ಅದು ಯಾರ ತಪ್ಪಂತ. ನೀಲವ್ವ ತಲಿ ತಗ್ಗಿಸಿ ಬೈಗುಳಕ್ಕ ತಯಾರಾಗಿ ನಿಂತ್ಲು.

"ಅದೂ ನಂದು," ಅಂದ್ಳು ಬಾಳವ್ವ.

ಮೂರು ಹೋತು, ನಾಕು ಹೋತು. ಈಚಿಯೂರು ಸೋತಿತು. ನಾಕಕ್ಕ ಸೊನ್ನಿ. ಹೊಸಾ ಆಳು ತಂದ್ರ ಏನಾತು, ಸೋತ್ರಲ್ಲ ಅಂತೀರೇನು? ಸ್ವಲ್ಪ ತಡೀರಿ. ಹಿಂದಿನ ವರ್ಷ ಇದ ಆಟದಾಗ ಒಂಬತ್ತು ಹೋಗಿದ್ವು. ಇನ್ನೊಂದು ಮಾತು. ಸೋತು ಮನಿಗೆ ಬರೂವಾಗ ದಾರಿಯುದ್ದಕ್ಕ ಜಗಳಾಡ್ಕೋತ ಬರೋದು ಇವರ ಪದ್ಧತಿ. ಅವತ್ತು ಬರೇ ಬಳಿ ಸಪ್ಪಳ. ದಂಡಿಮ್ಯಾಲೆ ಕುಂತಿದ್ದ ಸಿದರಾಯ ಮುತ್ತ್ಯಾ ಗಾಬರಿಯಾದ: "ಯಾಕೋ, ಇವರಿಗೆ ಜಡ್ಡು ಗಿಡ್ಡು ಬಂತೇನೋ? ಒಬ್ಬಾಕಿನೂ ಒದರವಲ್ಲಳು!"

ಅವತ್ತು ಸಂಜಿಮುಂದ ನೀಲವ್ವ ಒಬ್ಬಾಕಿನ ಬಾಳವ್ವನ ಕಡೆ ಬಂದ್ಲು. ಬಾಳವ್ವ ಮೊಣಕಾಲಿಗೆ ಬಿಸಿನೀರು ಹಾಕ್ಕೋತ ಕುಂತಿದ್ಲು.

"ಎರಡನೇದು ನಂದಿತ್ತು," ಅಂದ್ಳು ನೀಲವ್ವ. "ನಿನಗೂ ಗೊತ್ತಿತ್ತು. ಎಲ್ಲಾರ ಮುಂದ ಯಾಕ ಸುಳ್ಳು ಹೇಳಿದಿ? ನನ್ನ ಮ್ಯಾಲೆ ಕನಿಕರ ಮಾಡಿದೇನು?"

"ಸುಳ್ಳಲ್ಲವಾ. ನಿನ್ನ ಕಾಲು ಅಗಲ ಆಗಿದ್ದು ಹಿಂದ ನಿಂತ ನನಗ ಕಂಡಿತ್ತು. ಕಂಡೂ ಕೂಗಲಿಲ್ಲ. ಹೊಸಬಳು, ಏನಂತಾಳೋ ಅಂತ ಅಂಜಿದೆ. ಕಂಡಾಕಿ ಸುಮ್ಮನಿದ್ದಮ್ಯಾಲೆ ತಪ್ಪು ಯಾರದು?"

ಒಂಬತ್ತು ವರ್ಷದಾಗ ನೀಲವ್ವನ ಜೋಡಿ ಯಾರೂ ಹಿಂಗ ಮಾತಾಡಿರಲಿಲ್ಲ. ಬಾಳವ್ವನ ಕೈಯಾಗಿನ ತಂಬಿಗಿ ಇಸಕೊಂಡು, ತಾನ ಆಕಿ ಮೊಣಕಾಲಿಗೆ ನೀರು ಹಾಕಿದ್ಲು. "ಮುಂದಿನ ಆಟದಾಗ ಕೂಗು," ಅಂದ್ಳು. "ನಾ ಏನೂ ಅನ್ನಂಗಿಲ್ಲ."

ಆರು ದಿನ ತಾಲೀಮು ನಡೀತು. ಬಾಳವ್ವ ಒಂದೊಂದು ಹೆಸರು ಬಾಯಿಪಾಠ ಮಾಡಿದ್ಲು, ಒಬ್ಬೊಬ್ಬರ ಓಟ ಕಣ್ಣಾಗ ಇಟ್ಕೊಂಡ್ಲು. ಎಡಗೈ ಹೆಗಲು ಉಲ್ಟಾ ಓದೋದು ಕಲೀಬೇಕಂತ ಮೇಳದ ಗಂಡಸ್ರಿಗೆ ಎಡಗೈಲೆ ಹಂಚು ತೂರಿರೋ ಅಂದ್ಳು. ಅವರು ತೂರಿದ್ರು. ಎಷ್ಟು ಒಡದ್ವು? ಮೊದಲ ದಿನ ಹದಿನಾಕು. ಇಪ್ಪತ್ತು ವರ್ಷದಾಗ ಮೂರು ಒಡದಾಕಿ ಒಂದ ದಿನದಾಗ ಹದಿನಾಕು ಒಡದು, ನಾಚಿಕಿ ಬಿಟ್ಟು, ಮತ್ತ ನಿಂತ್ಲು. ಆರನೇ ದಿನ ಒಂದೂ ಒಡೀಲಿಲ್ಲ.

ಎರಡನೇ ಸೋಮವಾರ. ಇದು ಸೋತ್ರ ಕತಿ ಮುಗೀತು, ಉಸುಕು ಕಾಯಂ ಹೋತು.

ಅವತ್ತು ಬಯಲಾಗ ಒಂದು ಹೊಸಾ ಸಪ್ಪಳ ಕೇಳ್ತು. "ನೀಲೀ, ಎಡಕ್ಕ! ಕಾಲು ಕೂಡಿಸು! ಗೌಡ್ತೀ, ಹಿಂದ ನೋಡು, ಹಿಂದ! ಕಲ್ಲೀ, ಬಿಡು ಅದನ್ನ, ಮುಂದ ಹೋಗು, ಹೋಗು!" ಗೌಡ್ತಿಗೆ ಏಕವಚನದಾಗ ಕೂಗಿದ್ದು ಕೇಳಿ ದಂಡಿಮ್ಯಾಲಿನ ಗೌಡನ ಬಾಯಾಗಿನ ಎಲಿ ಅಡಿಕಿ ಕೆಳಗ ಬಿತ್ತು. ಗೌಡ್ತಿ ಏನು ಮಾಡಿದ್ಲು? ಹಿಂದ ನೋಡಿದ್ಲು. ಹಿಂದ ಆಚಿಯೂರಾಕಿ ಒಬ್ಬಾಕಿ ಸದ್ದಿಲ್ಲದ ಬರ್ತಿದ್ಲು. ಚೆಂಡು ಕಸಕೊಂಡ್ಲು.

ಚಂಪವ್ವ ಮೂರು ಸಲ ಬಾಗಿಲ ಮುಂದ ಬಂದ್ಲು. ಮೊದಲ ಸಲ ಹೊಡದ್ಲು, ಬಾಳವ್ವನ ಗೋಣಿತಟ್ಟಿಗೆ ಬಡದು ಹೊರಗ. ಎರಡನೇ ಸಲ ಹೊಡದ್ಲು, ಮುಷ್ಟಿಗೆ ಬಡದು ಹೊರಗ. ಮೂರನೇ ಸಲ ಹೊಡದ್ಲು ನೋಡ್ರಿ, ಚೆಂಡು ಎದಿ ಎತ್ತರಕ್ಕ ಬಂತು. ಬಾಳವ್ವ ಹಂಚು ಹಿಡದಂಗ ಎರಡೂ ಕೈಯಾಗ ಗಪ್ಪನ ಹಿಡದು ಕೆಳಗ ಇಟ್ಳು. ಇಟ್ಟು ಚಂಪವ್ವಗ ಅಂದ್ಳು: "ಭಾಳ ಚಲೋ ಹೊಡೀತಿಯವಾ." ಹಂಗಿಸಿದ್ದಲ್ಲ, ಖರೇನ ಅಂದದ್ದು. ಚಂಪವ್ವ ಬೆರಗಾಗಿ ಆಕಿ ಮಾರಿ ನೋಡಿದ್ಲು. ಆಟದಾಗ ಎದುರಿನಾಕಿ ಹೊಗಳಿದ್ದು ಆಕಿ ಎಂದೂ ಕೇಳಿರಲಿಲ್ಲ.

ಇನ್ನ ಕಲ್ಲವ್ವ. ಒಂಬತ್ತು ವರ್ಷ ಕಲ್ಲವ್ವ ಚೆಂಡು ತಗೊಂಡು ಓಡೂವಾಗ ನಾಕು ಹೆಜ್ಜಿಗೊಮ್ಮೆ ಹಿಂದ ತಿರುಗಿ ನೋಡ್ತಿದ್ಲು. ಚೆಂಡು ಹೋದ್ರ ನಮ್ಮ ಬಾಗಿಲ ಗತಿ ಏನು ಅಂತ. ಹಿಂದ ನೋಡ್ಕೋತ ಓಡೋ ಹೆಣ್ಮಗಳು ಎಷ್ಟು ಜೋರು ಓಡ್ಯಾಳು? ಅವತ್ತು ಆಕಿ ಹಿಂದ ನೋಡಲಿಲ್ಲ. ಒಮ್ಮೆನೂ ನೋಡಲಿಲ್ಲ. ಉಸುಕು ಚಿಮ್ಮಿಸ್ಕೋತ ಹೋಗಿ, ಆಚಿಯೂರ ಬಾಗಿಲಾಗ ಚೆಂಡು ಇಟ್ಟು ಬಂದ್ಲು. ಒಂದಕ್ಕ ಸೊನ್ನಿ. ಈಚಿಯೂರು ಗೆದ್ದಿತು!

ಸಿದರಾಯ ಮುತ್ತ್ಯಾ ತಲಿಮ್ಯಾಲಿನ ಪಟಗ ಬಿಚ್ಚಿ ಗಾಳಿಯಾಗ ತೂರಿದ. ಅದು ಹೊಳ್ಯಾಗ ಬಿದ್ದು ಹರಕೊಂಡು ಹೋತು. ಹೋಗ್ಲಿ ಬಿಡು ಅಂದ.

ಮೂರನೇ ಸೋಮವಾರ. ಎರಡೂ ಊರಾಗ ಒಲಿ ಹಚ್ಚಲಿಲ್ಲ, ಎಲ್ಲಾರೂ ದಂಡಿಗೆ. ಪಾರಜ್ಜಿ ನಡುವ ಒಂದು ಕೋಲು ನೆಟ್ಟು ಹೇಳಿದ್ಲು: "ಇದರ ನೆರಳು ಆ ಬಿಳಿಗಲ್ಲು ಮುಟ್ಟಿತಂದ್ರ ಆಟ ಮುಗೀತು."

ನೆರಳು ಅರ್ಧ ದಾರಿಗೆ ಬರೂದರೊಳಗ ಕಲ್ಲವ್ವ ಒಂದು ಚೆಂಡು ಹಾಕಿದ್ಲು. ಈಚಿಯೂರು ಮುಂದ. ಆಮ್ಯಾಲೆ ಏನಾತು? ಕಲ್ಲವ್ವಗ ಹುಮ್ಮಸ್ಸು ಬಂತು. ಇನ್ನೊಂದು ಹಾಕಬೇಕಂತ ಮೂರು ಮಂದಿ ನಡುವ ನುಗ್ಗಿದ್ಲು, ಚೆಂಡು ಕಳಕೊಂಡ್ಲು. ಚೆಂಡು ಚಂಪವ್ವನ ಕೋಲಿಗೆ ಸಿಕ್ತು. ಚಂಪವ್ವ ಬಂದ್ಲು, ಹೊಡದ್ಲು, ಬಲಗೂಟದ ಬುಡಕ್ಕ. ಬಾಳವ್ವ ಹೆಗಲು ಓದಿದ್ಲು, ಹಾರಿದ್ಲು, ಬಲಗೈ ಚಾಚಿದ್ಲು. ಚೆಂಡು ತಡದ್ಲು. ಆದ್ರ ಕೈ ಚೆಂಡಿಗೂ ಗೂಟಕ್ಕೂ ನಡುವ ಸಿಕ್ಕಿತ್ತು. ಟಕ್ ಅಂದ ಸಪ್ಪಳ ದಂಡಿತನಕ ಕೇಳ್ತು.

ಮಣಿಕಟ್ಟು ಮುರದಿತ್ತು.

ಕಲ್ಲವ್ವ ಓಡಿಬಂದು ಉಸುಕಿನಾಗ ಕುಸದ್ಲು. "ಚೆಂಡು ಕಳಕೊಂಡಾಕಿ ನಾನವಾ..."

"ಮಾತು ಬಿಡು. ಬಾಗಿಲ ಗತಿ ನೋಡು," ಅಂದ್ಳು ಬಾಳವ್ವ. ಹಲ್ಲು ಕಚ್ಚಿ ಎದ್ಲು, ನಿಲ್ಲಾಕ ಹೋದ್ಲು. ಕಣ್ಣು ಕತ್ತಲಿ ಬಂತು. ಪಾರಜ್ಜಿ ಆಕಿ ರೆಟ್ಟಿ ಹಿಡದು ಹೊರಗ ಕರಕೊಂಡು ಬಂದು, ಬಿದಿರು ಚಕ್ಕಿ ಇಟ್ಟು ಕೈ ಕಟ್ಟಿದ್ಲು. ಕಟ್ಟಿ ನ್ಯಾಯ ಹೇಳಿದ್ಲು: "ಹೊರಗ ಬಂದಾಕಿ ಹೊರಗ. ಬದಲಿಗೆ ಇನ್ನೊಬ್ಬಾಕಿ ಬರಂಗಿಲ್ಲ. ಹೊರಗ ಕುಂತು ಕೂಗಂಗೂ ಇಲ್ಲ. ಕೂಗಿದಿ ಅಂದ್ರ ಆಟ ಅವರದು."

ಕೇಳಿದ್ರಿ? ಕೈಯೂ ಹೋತು, ಬಾಯಿನೂ ಹೋತು.

ಹತ್ತು ಮಂದಿ ಖಾಲಿ ಬಾಗಿಲ ಮುಂದ ಗುಂಪಾದ್ರು. ನೆರಳು ಬಿಳಿಗಲ್ಲಿಗೆ ಇನ್ನ ಎರಡು ಮಾರು ಐತಿ. "ನೀಲೀ, ನೀ ನಿಲ್ಲು ಬಾಗಿಲಾಗ," ಅಂದ್ಳು ಕಲ್ಲವ್ವ.

ನೀಲವ್ವ ಬಾಗಿಲ ನೋಡಿದ್ಲು. ಬಯಲು ನೋಡಿದ್ಲು. "ಒಲ್ಲೆ," ಅಂದ್ಳು. "ನಾ ಅಲ್ಲಿ ನಿಂತ್ರ ಇಲ್ಲಿ ಒಂಬತ್ತು ಮಂದಿ ಆಗ್ತೀರಿ. ನಾ ಆಕಿಯಂಗ ಹಿಡಿಯಾಕೀನೂ ಅಲ್ಲ. ಬಾಗಿಲು ಖಾಲಿ ಇರ್ಲಿ. ಚೆಂಡು ಅಲ್ಲಿತನಕ ಬರದಂಗ ನೋಡ್ಕೊಳ್ಳೋಣು."

ದಂಡಿಮ್ಯಾಲೆ ಹೋ ಅಂತ ಕೂಗಾಡಿದ್ರು. ಖಾಲಿ ಬಾಗಿಲು ಬಿಟ್ಟು ಆಡ್ತಾರಂತ! ಹುಚ್ಚು ಹಿಡದೈತಿ ಇವರಿಗೆ! ಸಿದರಾಯ ಮುತ್ತ್ಯಾ ಕಣ್ಣು ಮುಚ್ಚಿಕೊಂಡ. ಬಾಳವ್ವ ಮಾತ್ರ ಕಣ್ಣು ಮುಚ್ಚಲಿಲ್ಲ. ಸೆರಗಿನ ತುದಿ ಬಾಯಾಗ ತುರುಕ್ಕೊಂಡ್ಲು, ತಪ್ಪಿ ದನಿ ಹೊರಗ ಬಂದೀತಂತ.

ಆಟ ಸುರುವಾತು. ಆಗ ಬಯಲಾಗ ಏನು ಕೇಳ್ತು ಗೊತ್ತೇನು? "ಗೌಡ್ತೀ, ಬಲಕ್ಕ!" ಇದು ನೀಲವ್ವನ ದನಿ. "ನೀಲೀ, ನಿನ್ನ ಹಿಂದ!" ಇದು ಗೌಡ್ತಿ ದನಿ. "ನಾ ಬಂದೆ, ನಾ ಬಂದೆ, ನೀ ಮುಂದ ಹೋಗು!" ಇದು ಕಲ್ಲವ್ವ, ಮುಂದ ಓಡೋ ಕಲ್ಲವ್ವ ಹಿಂದ ಬಂದು ಅಡ್ಡ ಹಾಕ್ತಾಳ! ಒಂದು ಬಾಯಿ ಮುಚ್ಚಿತು, ಹತ್ತು ಬಾಯಿ ಬಿಚ್ಚಿದ್ವು. ಬೈಗುಳ ಒಂದಿಲ್ಲ. ಒಬ್ಬಾಕಿ ಬಿದ್ರ ಇನ್ನೊಬ್ಬಾಕಿ ಆಕಿ ಜಾಗಾದಾಗ. ಆಚಿಯೂರವ್ರು ಎಡದಿಂದ ಬಂದ್ರು, ದಾರಿಲ್ಲ. ಬಲದಿಂದ ಬಂದ್ರು, ದಾರಿಲ್ಲ. ನಡುವಿಂದ ಬಂದ್ರು, ಅಲ್ಲಿ ನೀಲವ್ವ, ಕಾಲು ಕೂಡಿಸಿ ನಿಂತ ನೀಲವ್ವ.

ನೆರಳು ಬಿಳಿಗಲ್ಲಿಗೆ ಗೇಣು ಉಳೀತು. ನಾಕು ಬೆರಳು ಉಳೀತು.

ಆಗ ಚಂಪವ್ವ ಹೊಂಟ್ಲು. ಒಬ್ಬಾಕೀನ ದಾಟಿದ್ಲು. ಇಬ್ರನ್ನ ದಾಟಿದ್ಲು. ನೀಲವ್ವ ಅಡ್ಡ ಬಿದ್ಲು, ಆಕಿ ಮ್ಯಾಲಿಂದ ಹಾರಿದ್ಲು. ಎದುರಿಗೆ ಯಾರೂ ಇಲ್ಲ. ಎರಡು ಗೂಟ, ನಡುವ ಬರೇ ಬಯಲು. ಮೆಲ್ಲಕ ದಬ್ಬಿದ್ರೂ ಉರುಳಿ ಒಳಗ ಹೋಗ್ತೈತಿ. ನೆಟ್ಟಗ ಹೊಡದ್ರ ಕೂಸೂ ಹಾಕೀತು.

ಚಂಪವ್ವ ತಲಿ ಎತ್ತಿ ನೋಡಿದ್ಲು. ಎಡ ಹೆಗಲು ತಿರುವಿದ್ಲು. ಹೊಡದ್ಲು. ಎಲ್ಲಿಗೆ? ನಡುವಕ್ಕಲ್ಲ. ಬಾಳವ್ವ ನಿಂತಿದ್ರ ಆಕಿ ಕೈಗೆ ನಿಲುಕಬಾರದಂತ ಹೊಡೀತಿದ್ದಳಲ್ಲ, ಅಂಥ ಮೂಲಿಗೆ. ಎಡಗೂಟದ ಅಂಚಿಗೆ, ಕೂದಲೆಳಿ ಜಾಗಾಕ್ಕ.

ಠಣ್! ಗೂಟಕ್ಕ ಬಡೀತು. ಹೊಳ್ಳಿ ಬಂತು. ಬಿದ್ದಲ್ಲಿಂದ ಎದ್ದ ನೀಲವ್ವ ಚೆಂಡನ್ನ ಹೊಳಿ ಆಚೆ ದಂಡಿತನಕ ಬಾರಿಸಿದ್ಲು.

"ನೆರಳು ಮುಟ್ಟಿತು," ಅಂದ್ಳು ಪಾರಜ್ಜಿ.

ಮುಂದಿನ ಗದ್ದಲ ನಾ ಹೇಳೂದು ಬ್ಯಾಡ, ನಿಮಗ ಕೇಳ್ತಿರಬೇಕು. ಹೊಳಿ ನೀರಿಗೆ ಬಿದ್ದೋರೆಷ್ಟು, ಅತ್ತೋರೆಷ್ಟು! ಹತ್ತು ಮಂದಿ ಬಾಳವ್ವನ ಸುತ್ತ ಕುಂತ್ರು. ಮುರದ ಕೈ ನೊಂದೀತಂತ ಯಾರೂ ಅಪ್ಪಿಕೊಳ್ಳಲಿಲ್ಲ, ಆಕಿ ಕಾಲು, ಬೆನ್ನು, ತಲಿ, ಎಲ್ಲಾ ಮುಟ್ಟಿ ಮುಟ್ಟಿ ನೋಡಿದ್ರು. ಮ್ಯಾಲಿನ ಉಸುಕಿನಾಗ ಹನ್ನೊಂದು ಮಡಿ ಅಳದ್ರು. ಒಂದು ಬಾಳವ್ವಂದು. ಇಪ್ಪತ್ತು ವರ್ಷ ಮಂದಿ ಮಾಡಿಗೆ ಹಂಚು ಹೊದಿಸಿದಾಕಿ, ಕಾಲ ಕೆಳಗ ತನ್ನದು ಅನ್ನೂದು ಒಂದು ಮೊಳ ನೆಲ ಇರಲಿಲ್ಲ ಆಕಿಗೆ. ಮೇಳ ಮುಂದಿನ ಊರಿಗೆ ಹೋತು. ಬಾಳವ್ವ ಉಳಕೊಂಡ್ಲು. ಎಡಗೈಲೆ ಕುಣಿ ತೋಡಿ ಬೀಜ ಹಾಕಿದ್ಲು.

ಆದ್ರ ಅದಕ್ಕಿಂತ ಮೊದಲ, ಅವತ್ತಿನ ಗದ್ದಲದಾಗ, ಚಂಪವ್ವ ಒಬ್ಬಾಕಿನ ಬಯಲು ದಾಟಿ ಬಂದು ಬಾಳವ್ವನ ಮುಂದ ನಿಂತ್ಲು. ಕೋಲು ಕೈಯಾಗ ಹಂಗ ಐತಿ, ಮಾರಿ ಬೆಳ್ಳಗಾಗೇತಿ.

"ಖರೇ ಹೇಳು," ಅಂದ್ಳು. "ಕಡೀ ಚೆಂಡಿಗೆ ನೀ ಎಲ್ಲಿದ್ದಿ?"

"ಇಲ್ಲೇ ಕುಂತಿದ್ನೆವಾ. ಕೈ ನೋಡು."

"ಸುಳ್ಳು ಹೇಳಬ್ಯಾಡ," ಅಂದ್ಳು ಚಂಪವ್ವ. "ಬಾಗಿಲಾಗ ಇದ್ದಿ ನೀ. ನಾ ಕಣ್ಣಾರೆ ನೋಡೀನಿ."

ಅಷ್ಟ ನೋಡ್ರವಾ. ಉಸುಕಿನಾಗ ಬಳ್ಳಿ ಹಬ್ಬಿತು, ನನ್ನ ಬಾಯಾಗ ನೀರು ಆರಿತು. ಹೇಳಿದಾಕಿಗೆ ಒಂದು ತಂಬಿಗಿ ಕೊಡ್ರಿ, ಕೇಳಿದವರ ಕಿವಿ ತಣ್ಣಗಿರಲಿ.